ಬಾಯಿ ಎಂಬ ಸಣ್ಣ ಚೌಕ

ಬೇಲಿಯಾಚೆಯ ಮುದುಕಿ ಇವತ್ತೂ ಮಂತ್ರದಲ್ಲಿ ಅಲ್ಲೇ ಎಡವಿದಳು. ಸಿಂಕಿನ ಮುಂದೆ ನಿಂತು ಪುಳಿಯೋಗರೆಗೆಂದು ನೆನೆಸಿಟ್ಟ ಹುಣಸೆಹಣ್ಣನ್ನು ಕಿವುಚುತ್ತಿದ್ದ ಪ್ರಣತಿ, ಆ ಧ್ವನಿ ಅಲ್ಲಿಗೆ ಬರುವುದನ್ನೇ ಕಾಯುತ್ತಿದ್ದಳು, ಹಲ್ಲುನೋವಿದ್ದವರು ಬೇಡವೆಂದರೂ ನಾಲಿಗೆಯನ್ನು ಅದೇ ಹಲ್ಲಿಗೆ ಒತ್ತಿ ನೋಡುವಂತೆ. ‘ಆಮಿಲಿತೊ’ ಎಂದಿತು ಧ್ವನಿ. ‘ಅಮೃತ’ ಎಂದು ಪ್ರಣತಿಯ ತುಟಿಗಳು ಸದ್ದಿಲ್ಲದೆ ತಿದ್ದಿದವು. ಮತ್ತೆ ಆಮಿಲಿತೊ, ಮತ್ತೆ ಅಮೃತ. ಕೊನೆಗೆ ‘ಸೊಪೊಹೆ’ ಎಂದು ಮಂತ್ರ ಮುಗಿದು ಪುಟ್ಟ ಗಂಟೆಯೊಂದು ಟಿಣ್ ಎಂದಾಗ, ಸ್ವಾಹಾ ಎನ್ನುವುದು ಈ ಗತಿಗೆ ಬಂತಲ್ಲ ಎಂದು ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೆ ಒಂದು ಬಗೆಯ ಸುಖವೂ ಆಯಿತು. ಈ ಇಡೀ ಕ್ಯಾಲಮ್‌ವೇಲಿನಲ್ಲಿ, ಬಹುಶಃ ಇಡೀ ಬ್ರಿಸ್ಬೇನಿನಲ್ಲಿ, ಆ ಎರಡು ಸದ್ದುಗಳ ನಡುವೆ ಏನೇನು ನಡೆದುಹೋಗಿದೆ ಎಂದು ಬಲ್ಲವಳು ತಾನೊಬ್ಬಳೇ. ತನಗೆ ಅದು ಗೊತ್ತಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದಾದರೆ ಆ ಮುದುಕಿಗೆ, ಶ್ಯೂಯಿಂಗ್‌ಗೆ.

ಶ್ಯೂಯಿಂಗ್ ತೈವಾನಿನವಳು, ಎಪ್ಪತ್ತು ದಾಟಿದವಳು. ಅವಳ ಮಗ ಚಿವೇ ಕಾಲೇಜಿನಲ್ಲಿದ್ದಾಗ ಗೋಲ್ಡ್ ಕೋಸ್ಟಿನ ಸಮುದ್ರಕ್ಕೆ ಈಜಲು ಹೋದವನು ಮರಳಿರಲಿಲ್ಲ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಹಿತ್ತಲಿನ ಸಿಮೆಂಟಿನ ಮೇಲೆ ಚಾಪೆ ಹಾಕಿ, ಅವನ ಫೋಟೋದ ಮುಂದೆ ಕೂತು ಈ ಮಂತ್ರ ಹೇಳುತ್ತಾಳೆ. ಸತ್ತವರನ್ನು ಪಶ್ಚಿಮದ ಶುದ್ಧಲೋಕಕ್ಕೆ ದಾಟಿಸುವ ಮಂತ್ರ ಅದು. ಈ ಮನೆಗೆ ಬಂದ ಹೊಸದರಲ್ಲಿ ಮೊದಲ ಸಲ ಕಿವಿಗೆ ಬಿದ್ದಾಗ, ಪ್ರಣತಿ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಒದ್ದೆ ಕೈಯಲ್ಲೇ ಓಡಿ ಬೇಲಿಯ ಮೇಲಿಂದ ಇಣುಕಿದ್ದಳು. ಜಾತ್ರೆಯಂಥ ಗದ್ದಲದಲ್ಲಿ ಯಾರೋ ತನ್ನ ಹೆಸರು ಹಿಡಿದು ಕೂಗಿದ ಹಾಗಾಗಿತ್ತು. ಅದು ಸಂಸ್ಕೃತ, ಅದು ಅಮೃತ, ನನಗೆ ಗೊತ್ತಾಯಿತು ಎಂದು ಇಂಗ್ಲಿಷಿನಲ್ಲಿ ಏನೇನೋ ಕೂಗಿದ್ದಳು. ಮುದುಕಿ ಮೊದಲು ಹೆದರಿ, ಆಮೇಲೆ ನಕ್ಕು, ಸಿಪ್ಪೆ ಸುಲಿದ ಹಣ್ಣಿನ ಬಟ್ಟಲನ್ನು ಬೇಲಿಯ ಮೇಲಿಂದ ಚಾಚಿದ್ದಳು. ಅವತ್ತಿನಿಂದ ಅವರದ್ದು ಸ್ನೇಹ. ಶ್ಯೂಯಿಂಗ್ ದಪ್ಪ ಕುಂಚವನ್ನು ಬಕೆಟಿನ ನೀರಿನಲ್ಲಿ ಅದ್ದಿ ಸಿಮೆಂಟಿನ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದಳು. ಮಂತ್ರದ ಅಕ್ಷರಗಳಲ್ಲಿ ಕೆಲವಕ್ಕೆ ಎಡಗಡೆ ಒಂದು ಸಣ್ಣ ಚೌಕ ಇರುತ್ತಿತ್ತು. ಬಾಯಿ, ಎನ್ನುತ್ತ ಶ್ಯೂಯಿಂಗ್ ತನ್ನ ಬಾಯನ್ನೇ ತಟ್ಟಿ ತೋರಿಸುತ್ತಿದ್ದಳು. ಬಿಸಿಲಿಗೆ ಮೊದಲ ಅಕ್ಷರ ಆರುವಷ್ಟರಲ್ಲಿ ನಾಲ್ಕನೆಯದು ಬರೆದಾಗಿರುತ್ತಿತ್ತು.

ಆ ಚೌಕದ ಕತೆ ಪ್ರಣತಿಗೆ ಮೈಸೂರಿನಲ್ಲೇ ಗೊತ್ತಿತ್ತು. ನಮ್ಮ ಕಡೆಯಿಂದ, ನಡುವಿನ ಮರುಭೂಮಿಗಳಿಂದ ಗ್ರಂಥ ಹೊತ್ತುಕೊಂಡು ಹೋದ ಭಿಕ್ಷುಗಳು ಬುದ್ಧನ ಮಾತನ್ನೆಲ್ಲ ಚೀನೀ ಭಾಷೆಗೆ ತಿರುಗಿಸಿದರು, ಮಂತ್ರಗಳನ್ನು ಮಾತ್ರ ತಿರುಗಿಸಲಿಲ್ಲ. ಮಂತ್ರಕ್ಕೆ ಜೀವ ಇರುವುದು ಸದ್ದಿನಲ್ಲಿ. ಆದರೆ ಅಲ್ಲಿಯ ಒಂದೊಂದು ಅಕ್ಷರಕ್ಕೂ ಅದರದೇ ಅರ್ಥ ಅಂಟಿಕೊಂಡಿದೆ. ಬರೀ ಸದ್ದಿಗಾಗಿ ಬರೆದರೂ ಓದುವವನ ಕಣ್ಣಿಗೆ ಕುದುರೆಯೋ ಬೆಟ್ಟವೋ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಪಕ್ಕದಲ್ಲೊಂದು ಬಾಯಿ ಬರೆದರು. ಇದರ ಅರ್ಥ ಹುಡುಕಬೇಡ, ಇದು ಬಾಯಿ ಮಾಡುವ ಸದ್ದು ಅಷ್ಟೇ ಎಂಬ ಗುರುತು. ಆಮೇಲೆ ಶತಮಾನಗಳು ಕಳೆದವು, ಬಾಯಿಗಳು ಬದಲಾದವು, ಚೌಕ ಹಾಗೇ ಉಳಿಯಿತು. ಪ್ರಣತಿಯ ಪಿಎಚ್‌ಡಿ ಅದರ ಮೇಲೆ. ಗೈಡ್ ಆಗಿದ್ದ ಶ್ರೀಕಂಠಯ್ಯ ಮೇಷ್ಟ್ರು ತಮ್ಮ ಕನ್ನಡಕದ ಡಬ್ಬಿಯಿಂದ ಮೇಜು ಕುಟ್ಟುತ್ತ, ಅವಳು ಓದಿದ ಪ್ರತಿ ಸಾಲಿಗೂ “ಅಲ್ಲ. ಇನ್ನೊಮ್ಮೆ” ಎನ್ನುತ್ತಿದ್ದರು. ಯಾವುದು ಅಲ್ಲ ಎಂದು ಅವರು ಹೇಳಿದ್ದು ನೆನಪಿಲ್ಲ. ಅವಳ ಸರದಿ ಬಂದಾಗ ಕೋಣೆಯಲ್ಲಿದ್ದ ಬೇರೆ ಹುಡುಗರು ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಿದ್ದದ್ದು ನೆನಪಿದೆ. ಮದುವೆಯಾಯಿತು, ಗಂಡ ಉತ್ತಮನಿಗೆ ವೀಸಾ ಬಂತು, ಕೊನೆಯ ಎರಡು ಅಧ್ಯಾಯ ಅಲ್ಲೇ ಉಳಿದವು. ಈಗ ವಾರಕ್ಕೆ ಮೂರು ದಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸೊಂದರಲ್ಲಿ ಕೂತು, ಒಡೆದುಹೋದ ಕಾರಿನ ಗಾಜುಗಳ ವಿಮೆಯ ಅರ್ಜಿ ನೋಡುತ್ತಾಳೆ.

“ಆಯ್ತೇನೆ? ಬಾಲು ಅಂಕಲ್ ಎರಡು ಸಲ ಫೋನ್ ಮಾಡಿದ್ರು,” ಎಂದ ಉತ್ತಮ್, ಕಾರಿನ ಕೀ ಕುಣಿಸುತ್ತ. ಹುಣಸೆರಸ ಸೋಸುವಾಗ ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಭಾಷಣ ಹೇಳಿಕೊಂಡಳು. ವಾರದಿಂದ ಹೇಳಿಕೊಳ್ಳುತ್ತಿದ್ದಳು, ರೈಲಿನಲ್ಲಿ, ಆಫೀಸಿನ ಬಾತ್‌ರೂಮಿನಲ್ಲಿ. ನವೆಂಬರಿನ ರಾಜ್ಯೋತ್ಸವಕ್ಕೆ ಚೀನೀ ಸಂಘದವರೂ ಬರುತ್ತಾರೆ, ನಮಗೂ ಅವರಿಗೂ ಇರುವ ಹಳೆಯ ನಂಟಿನ ಬಗ್ಗೆ ನೀನು ಐದು ನಿಮಿಷ ಮಾತಾಡಬೇಕು ಎಂದು ಕನ್ನಡ ಸಂಘದ ಹಿರಿಯರಾದ ಬಾಲಸುಬ್ರಹ್ಮಣ್ಯ, ಎಲ್ಲರ ಬಾಲು ಅಂಕಲ್, ಕೇಳಿದ್ದರು. ಇವತ್ತು ಪಾರ್ಕಿನ ಬಾರ್ಬೆಕ್ಯೂ ಊಟದಲ್ಲಿ ಎಲ್ಲ ಗಟ್ಟಿ ಮಾಡೋಣ ಎಂದಿದ್ದರು. ಹೊಸ ಸೀರೆಯೊಂದನ್ನು ತೆಗೆದಿಡಬೇಕು ಎಂದು ಅವಳಿಗೆ ಅನ್ನಿಸಿ, ಅನ್ನಿಸಿದ್ದಕ್ಕೆ ತಾನೇ ನಾಚಿಕೊಂಡಿದ್ದಳು.

ಪಾರ್ಕಿನಲ್ಲಿ ಹೊಗೆ ಅವಳಿದ್ದ ಕಡೆಗೇ ಬೀಸುತ್ತಿತ್ತು. ಸಸ್ಯಾಹಾರಿಗಳ ಬರ್ಗರ್‌ಗೆ ಬೇರೆ ಫಾಯಿಲ್ ಹಾಸಿ ಕಾವಲು ನಿಂತಿದ್ದ ಬಾಲು ಅಂಕಲ್, ಇಕ್ಕಳ ಎತ್ತಿ ಅವಳನ್ನು ಕರೆದರು. “ಬಾಮ್ಮ ಪ್ರಣತಿ, ಬಾ. ಚೀನಾದೋರ್ಗೆ ಬರೆಯೋದು ಕಲ್ಸಿದ್ದೇ ನಾವು ಅಂತ ಗ್ರೂಪಲ್ಲಿ ಹಾಕಿದ್ನಲ್ಲ, ನೋಡಿದ್ಯಾ?”

“ನೋಡ್ದೆ ಅಂಕಲ್. ಆದ್ರೆ ಅದು ಹಾಗಲ್ಲ. ಬರೆಯೋದು ಅವ್ರಿಗೆ ಬುದ್ಧ ಹುಟ್ಟೋಕೆ ಮುಂಚೇನೇ ಬರ್ತಿತ್ತು. ನಮ್ಮಿಂದ ಹೋಗಿದ್ದು ಏನಪ್ಪ ಅಂದ್ರೆ, ಕಿವಿ.”

“ಕಿವೀನಾ?” ಎಂದಳು ಮಧುರಾ. ಸಂಘದಲ್ಲಿ ನಿರೂಪಣೆ ಮಾಡುವ ಹುಡುಗಿ ಅವಳು, ತಟ್ಟೆಯಲ್ಲಿ ಪ್ರಣತಿಯ ಪುಳಿಯೋಗರೆಯನ್ನೇ ಹಾಕಿಕೊಂಡಿದ್ದಳು. “ಕಿವಿ ಫ್ರೂಟ್ ನ್ಯೂಜಿಲೆಂಡ್‌ದಲ್ವಾ ಆಂಟಿ?”

ಎಲ್ಲರೂ ನಕ್ಕರು. ಪ್ರಣತಿಯೂ ನಕ್ಕಳು. ನಗುತ್ತಲೇ, ನಗು ಮುಗಿಯುವ ಮೊದಲೇ ಮಾತು ಮುಗಿಸಿಬಿಡಬೇಕೆಂಬ ಅವಸರದಲ್ಲಿ ಹೇಳತೊಡಗಿದಳು. “ಅಂದ್ರೆ, ಸದ್ದನ್ನ ಬಿಡಿಸಿ ಕೇಳೋದು. ನಾವು ಕ ಖ ಗ ಘ ಅಂತ ಗಂಟಲಿಂದ ತುಟಿವರೆಗೆ ಸಾಲಾಗಿ ಇಟ್ಟಿದೀವಲ್ಲ, ಅದನ್ನ ಭಿಕ್ಷುಗಳು ತಗೊಂಡ್ಹೋದ್ರು. ಅದನ್ನ ನೋಡಿ ಅವ್ರೂ ತಮ್ಮ ಭಾಷೆ ಸದ್ದುಗಳನ್ನ ಹಲ್ಲಿಂದು, ನಾಲಿಗೇದು, ತುಟೀದು ಅಂತ ಜೋಡಿಸ್ಕೊಂಡ್ರು. ಅಕ್ಷರ ಅವ್ರದ್ದೇ. ಹೊಸ ಅಕ್ಷರಾನೂ ಕೆಲವು ಮಾಡ್ಕೊಂಡ್ರು, ಮಂತ್ರ ಬರ್ಕೊಳಕ್ಕೆ. ಆ ಅಕ್ಷರಗಳ ಪಕ್ಕ ಒಂದು…”

“ಆಂಟಿ, ಸಾರಿ, ಆ ಸಾಸ್ ಸ್ವಲ್ಪ ಕೊಡ್ತೀರಾ?” ಯಾರೋ ಕೈ ಚಾಚಿದರು. ಅವಳು ಕೊಟ್ಟಳು.

“ಒಂದೇ ಲೈನಲ್ಲಿ ಹೇಳ್ಬಿಡಿ ಆಂಟಿ,” ಎಂದಳು ಮಧುರಾ. “ಕೊಟ್ಟಿದ್ದು ನಾವಾ, ಅಲ್ವಾ?”

“ಅಯ್ಯೋ, ಅವಳನ್ನ ಒಂದ್ ಲೈನ್ ಕೇಳ್ಬೇಡ್ರಮ್ಮ,” ಉತ್ತಮ್ ಆಚೆ ಕುರ್ಚಿಯಿಂದ ಕೂಗಿದ. “ಆ ಒಂದ್ ಲೈನ್ ಹುಡುಕ್ತಾ ಹುಡುಕ್ತಾ ಅವಳ ಪಿಎಚ್‌ಡಿನೇ ಇನ್ನೂ ಮುಗಿದಿಲ್ಲ. ಕೊನೆಗೆ ಯೂನಿವರ್ಸಿಟಿಯವ್ರೇ ರಿಟೈರ್ ಆಗ್ಬಿಟ್ರು.”

ಈ ನಗು ಮೊದಲಿನದಕ್ಕಿಂತ ಉದ್ದವಾಗಿತ್ತು. ಬಾಲು ಅಂಕಲ್ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅವರು ಬರ್ಗರ್ ಮಗುಚುತ್ತ, ಕಾಯಿಲೆಯವರೊಡನೆ ಆಡುವ ಮೆದು ದನಿಯಲ್ಲಿ ಹೇಳಿದರು. “ನೋಡಮ್ಮ, ಜನಕ್ಕೆ ಇಷ್ಟೆಲ್ಲ ಬೇಡ. ಮಧುರಾ ಮಾತಾಡ್ಲಿ, ಸ್ಲೈಡ್ ನಂಹತ್ರ ರೆಡಿ ಇದೆ. ನೀನು ಪ್ರಾರ್ಥನೆ ಹೇಳ್ಬಿಡು. ನಿನ್ ಉಚ್ಚಾರಣೆ ಬಹಳ ಶುದ್ಧ.”

“ಆಗ್ಲಿ ಅಂಕಲ್,” ಎಂದಳು ಪ್ರಣತಿ. ತನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದು ಕೇಳಿಸಿಕೊಂಡಳು.

ಮನೆಗೆ ಮರಳುವಾಗ ಉತ್ತಮ್ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. “ಬೇಜಾರಾಯ್ತಾ? ತಮಾಷೆಗೆ ಅಂದೆ ಕಣೆ.” “ಇಲ್ಲಪ್ಪ, ಬೇಜಾರೇನು.” ಅವನು ಹಣ ಕೊಡಲು ಒಳಗೆ ಹೋದಾಗ ಪರ್ತ್‌ನಲ್ಲಿರುವ ಮಗಳು ಇಂಚರಾಗೆ ಫೋನ್ ಮಾಡಿದಳು. ಎರಡು ನಿಮಿಷ ಇದೆ ಅಮ್ಮ, ಹೇಳು, ಎಂದು ಇಂಗ್ಲಿಷಿನಲ್ಲಿ ಅಂದ ಮಗಳಿಗೆ ಕನ್ನಡದಲ್ಲಿ ಎಲ್ಲ ಹೇಳಿದಳು, ಉತ್ತಮನ ಜೋಕೊಂದನ್ನು ಬಿಟ್ಟು. ಆ ಕಡೆ ಕೀಲಿಮಣೆಯ ಟಕಟಕ ಕೇಳುತ್ತಿತ್ತು. “ಅಮ್ಮ, ಲಿಟರಲಿ ನೋಬಡಿ ಕೇರ್ಸ್,” ಎಂದಳು ಮಗಳು ಪ್ರೀತಿಯಿಂದಲೇ. “ಐ ಮೀನ್ ಇಟ್ ಇನ್ ಎ ನೈಸ್ ವೇ.” ಕಾರಿನ ಗಾಜಿನಲ್ಲಿ ಪ್ರಣತಿಗೆ ತನ್ನ ಮುಖ ಕಂಡಿತು. ಪುಳಿಯೋಗರೆಯ ಕಡಲೆಬೇಳೆಯೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಷ್ಟು ಹೊತ್ತೂ ಅದು ಎಲ್ಲರಿಗೂ ಕಂಡಿರಬೇಕು.

ಮನೆಯ ಗೇಟಿನ ಹತ್ತಿರ ಶ್ಯೂಯಿಂಗ್ ನಿಂತಿದ್ದಳು, ಕೈಯಲ್ಲಿ ಹಣ್ಣಿನ ಬಟ್ಟಲು. ಉತ್ತಮ್ ಅವಳಿಗೆ ಹಲೋ ಎಂದು ಕೈಬೀಸಿ ಟೀವಿಯ ಕಡೆ ಹೋದ. ಶ್ಯೂಯಿಂಗಳ ಇಂಗ್ಲಿಷು ತುಂಡು ತುಂಡಿನದು, ಆದರೆ ಇವತ್ತು ಅವಳು ಅದನ್ನೂ ಮೊದಲೇ ಜೋಡಿಸಿಟ್ಟುಕೊಂಡು ಬಂದ ಹಾಗಿತ್ತು. ರಾತ್ರಿ ಕನಸಿನಲ್ಲಿ ಮಗ ಬಂದಿದ್ದನಂತೆ. ಎದೆಮಟ್ಟದ ನೀರಿನಲ್ಲಿ ನಿಂತಿದ್ದನಂತೆ. ತಾನು ದಡದಿಂದ ಮಂತ್ರ ಹೇಳುತ್ತಿದ್ದರೆ ಅವನು ಕೈಯನ್ನು ಹೀಗೆ ಕಿವಿಯ ಹತ್ತಿರ ಇಟ್ಟುಕೊಂಡು, ಏನು, ಏನು ಎನ್ನುತ್ತಿದ್ದನಂತೆ.

“ಪಾನಾತಿ,” ಎಂದಳು. ಅವಳ ಬಾಯಲ್ಲಿ ಹೆಸರು ಎಂದೂ ಅದಕ್ಕಿಂತ ಹತ್ತಿರ ಬಂದಿರಲಿಲ್ಲ. “ನೀನು ಬುದ್ಧನ ನಾಡಿನವಳು. ಅವನ ಮಾತು ನಿನಗೆ ಬರುತ್ತದೆ. ನಾನು ಹೇಳುವಾಗ ನಿನಗೆ ಗೊತ್ತಾಗುತ್ತದಾ? ಒಂದಾದರೂ?”

ಹೌದು ಎನ್ನುವುದು ಬಹಳ ಸಣ್ಣ ಮಾತು. ಅದು ನಿಜವೂ ಆಗಿತ್ತು. ಒದ್ದೆ ಕೈಯಲ್ಲಿ ಬೇಲಿಗೆ ಓಡಿ ಬಂದವಳು ಇವಳೇ. ಮುದುಕಿಗೆ ಅದು ಮರೆತಿರಬಹುದು, ಅಥವಾ ನೆನಪಿದ್ದೂ ಇನ್ನೊಮ್ಮೆ ಕೇಳಬೇಕಾಗಿರಬಹುದು. ಶ್ಯೂಯಿಂಗ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖದಲ್ಲಿ ಎಂಥ ನಂಬಿಕೆ ಇತ್ತೆಂದರೆ, ಪ್ರಣತಿಗೆ ಒಮ್ಮೆಲೇ ಅದರ ಮೇಲೆ ಅಸಹ್ಯ ಹುಟ್ಟಿತು. ತನ್ನನ್ನು ಯಾರಾದರೂ ನಂಬಿದರೆ ಅದು ಇಂಥವಳೊಬ್ಬಳು ಮಾತ್ರ. ಹಲ್ಲಿನ ಕಡಲೆಬೇಳೆಯನ್ನು ನಾಲಿಗೆಯಿಂದ ತಳ್ಳುತ್ತ ಅವಳು ಹೇಳಿದಳು.

“ಇಲ್ಲ.”

“ಒಂದೂ?”

“ಒಂದೂ ಇಲ್ಲ ಆಂಟಿ. ನನಗೆ ಮಾತ್ರ ಅಲ್ಲ, ಯಾರಿಗೂ ಗೊತ್ತಾಗುವುದಿಲ್ಲ.”

ಆಮೇಲೆ ಅವಳು ವಿವರಿಸಿದಳು. ಪಾರ್ಕಿನಲ್ಲಿ ಅರ್ಧಕ್ಕೆ ನಿಂತ ಭಾಷಣವನ್ನು ನಿಂತಲ್ಲಿಂದಲೇ ಎತ್ತಿಕೊಂಡಳು. ಮಂತ್ರ ಬರೆದಿಟ್ಟವರ ಕಾಲದಲ್ಲಿ ಆ ಅಕ್ಷರಗಳನ್ನು ಓದುತ್ತಿದ್ದ ರೀತಿಯೇ ಬೇರೆ, ಆಗ ಅವು ಸಂಸ್ಕೃತಕ್ಕೆ ಹತ್ತಿರವಿದ್ದವು; ಕಾಲ ಕಳೆದಂತೆ ನಿಮ್ಮವರ ಉಚ್ಚಾರಣೆ ಬದಲಾಗುತ್ತ ಹೋಯಿತು, ಅಕ್ಷರ ಬದಲಾಗಲಿಲ್ಲ, ಕೈ ನೆನಪಿಟ್ಟುಕೊಂಡದ್ದನ್ನು ಬಾಯಿ ಮರೆಯಿತು. ಅವಳ ಮಾತು ಎಂದಿಲ್ಲದಷ್ಟು ಸ್ಪಷ್ಟವಾಗಿತ್ತು, ಉದಾಹರಣೆಗಳು ತಾವಾಗಿ ಬಂದು ನಿಲ್ಲುತ್ತಿದ್ದವು, ಕೈಗಳು ಚೆನ್ನಾಗಿ ಆಡುತ್ತಿದ್ದವು. ಶ್ಯೂಯಿಂಗ್ ನಡುವೆ ಬಾಯಿ ಹಾಕಲಿಲ್ಲ, ಏನನ್ನೂ ಪ್ರಶ್ನಿಸಲಿಲ್ಲ, ಕಣ್ಣು ಅತ್ತಿತ್ತ ಸರಿಸಲಿಲ್ಲ. ಇಡೀ ಭಾಷಣವನ್ನು ಕೊನೆಯವರೆಗೂ ಕೇಳಿದ್ದು ಅವಳೊಬ್ಬಳೇ. ಮುಗಿದ ಮೇಲೆ ತಲೆ ಬಾಗಿಸಿ, ಬಟ್ಟಲನ್ನು ಪ್ರಣತಿಯ ಕೈಗೆ ಕೊಟ್ಟು ಹೋದಳು.

ಮರುದಿನ ಬೆಳಿಗ್ಗೆ ಬೇಲಿಯಾಚೆ ಸದ್ದಿರಲಿಲ್ಲ. ಅದರ ಮರುದಿನವೂ. ಪ್ರಣತಿ ಸಿಂಕಿನ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಕಾಗೆಗಳ ಕರ್ಕಶ ಕೂಗು, ಯಾರದೋ ಮನೆಯ ಹುಲ್ಲು ಕತ್ತರಿಸುವ ಯಂತ್ರ. ನೋವಿದ್ದ ಹಲ್ಲನ್ನು ಕಿತ್ತ ಜಾಗದಲ್ಲಿ ನಾಲಿಗೆ ಆಡಿದಂತೆ ಅವಳ ಮನಸ್ಸು ಅಲ್ಲೇ ಆಡಿತು. ಹೋಗಿ ನಿಜ ಹೇಳಿಬಿಡಬೇಕು, ನಾಳೆ ಆಫೀಸಿಲ್ಲ, ನಾಳೆ ಹೋಗುತ್ತೇನೆ ಎಂದುಕೊಂಡಳು. ಆ ನಾಳೆ ಶ್ಯೂಯಿಂಗ್ ತಾನೇ ಬಂದಳು. ದೇವಸ್ಥಾನಕ್ಕೆ ಹೋಗುವಾಗ ಹಾಕುವ ಕಂದುಬಣ್ಣದ ಅಂಗಿ ಹಾಕಿಕೊಂಡಿದ್ದಳು. ಬಾಗಿಲಲ್ಲೇ ಕೈಮುಗಿದು, ಸೊಂಟದವರೆಗೆ ಬಾಗಿ, “ಲಾವ್‌ಶಿ” ಎಂದಳು. ಗುರು ಎಂದು ಅದರರ್ಥ. ಅಲ್ಲಿಂದ ಮುಂದೆ ಪಾನಾತಿ ಎನ್ನಲಿಲ್ಲ.

“ನನಗೆ ಸರಿಯಾದದ್ದು ಕಲಿಸು. ಅವನಿಗೆ ಕೇಳಿಸುವಂಥದ್ದು.”

ಸರಿಯಾದದ್ದು ಯಾವುದು ಎಂದು ಪ್ರಣತಿಗೇ ಗೊತ್ತಿರಲಿಲ್ಲ. ಆ ಮಂತ್ರದ ಮೂಲ ಹೇಗಿತ್ತೆಂದು ವಿದ್ವಾಂಸರಲ್ಲೇ ಒಮ್ಮತವಿಲ್ಲ. ಒಬ್ಬರು ಊಹಿಸಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಅವಳು ಅವುಗಳಲ್ಲಿ ಒಂದನ್ನು ಆರಿಸಿಕೊಂಡಳು, ಹೇಳಲು ಕಷ್ಟವಾಗಿದ್ದದ್ದನ್ನು. ಅಡುಗೆಮನೆಯ ಮೇಜಿನ ಆ ಕಡೆ ಶ್ಯೂಯಿಂಗ್, ಈ ಕಡೆ ಅವಳು. ದಿನ ಕಳೆದಂತೆ ಪ್ರಣತಿ ಪಾಠಕ್ಕೆ ಮೊದಲು ತಲೆ ಬಾಚಿ ಕುಂಕುಮ ಇಟ್ಟುಕೊಳ್ಳತೊಡಗಿದಳು. “ಏನು, ಟ್ಯೂಷನ್ ಸೆಂಟರ್ ಜೋರಾ?” ಎಂದ ಉತ್ತಮ್. ಮುದುಕಿಯ ನಾಲಿಗೆ ‘ಮೃ’ ಎನ್ನುವಲ್ಲಿ ಹೊರಳುತ್ತಲೇ ಇರಲಿಲ್ಲ. ಮಿಲಿ ಎನ್ನುತ್ತಿತ್ತು, ಮಿಲು ಎನ್ನುತ್ತಿತ್ತು, ಕಟ್ಟಿಸಿದ ಹಲ್ಲುಸಾಲು ಸಡಿಲಾಗಿ ಟಕ್ ಎನ್ನುತ್ತಿತ್ತು. “ಅಲ್ಲ. ಇನ್ನೊಮ್ಮೆ,” ಎಂದು ಮೊದಲ ಸಲ ಬಾಯಿಂದ ಬಂದಾಗ ಪ್ರಣತಿ ಬೆಚ್ಚಿದಳು, ದನಿ ಅವಳದಾಗಿರಲಿಲ್ಲ. ಎರಡನೆಯ ಸಲ ಅದು ಅವಳದೇ ಆಗಿತ್ತು. ಒಂದು ಬೆಳಿಗ್ಗೆ ಮುದುಕಿಯ ಬಾಯಿ ತೆರೆಸಿ, ಟೀ ಚಮಚದ ಹಿಡಿಯಿಂದ ಅವಳ ನಾಲಿಗೆಯನ್ನು ಹಿಂದಕ್ಕೆ ಒತ್ತಿ, “ಇಲ್ಲಿ, ನಾಲಿಗೆ ಇಲ್ಲಿರಬೇಕು” ಎಂದಳು. ಶ್ಯೂಯಿಂಗಳ ಕಣ್ಣಲ್ಲಿ ನೀರು ಬಂತು, ಓಕರಿಕೆ ಬಂತು. ಚಮಚ ತೆಗೆದ ಮೇಲೆ ಅವಳು ಕರವಸ್ತ್ರದಿಂದ ತುಟಿ ಒರೆಸಿಕೊಂಡು, “ಕ್ಷಮಿಸು ಲಾವ್‌ಶಿ” ಎಂದಳು. ಪ್ರಣತಿ ಚಮಚವನ್ನು ಬಿಸಿನೀರಿನಲ್ಲಿ ಬಹಳ ಹೊತ್ತು ತೊಳೆದಳು. ತೊಳೆಯುತ್ತಿದ್ದಾಗ ತನಗೆ ಹಸಿವಾಗಿದೆ, ಚೆನ್ನಾಗಿ ಹಸಿವಾಗಿದೆ ಎಂದು ಗೊತ್ತಾಯಿತು.

ಅಡಿಲೇಡಿನಿಂದ ಶ್ಯೂಯಿಂಗಳ ಮಗಳು ಐವಿ ಬಂದದ್ದು ಅಕ್ಟೋಬರಿನ ಕೊನೆಗೆ. ಸ್ಯಾಲಿಸ್‌ಬರಿಯ ಕಡೆ ಯಾವುದೋ ರಕ್ಷಣಾ ಕಂಪನಿಯಲ್ಲಿ ಎಂಜಿನಿಯರ್ ಅವಳು. ಮಾತು ಪಕ್ಕಾ ಆಸ್ಟ್ರೇಲಿಯಾದ್ದು. ಚಾಕಲೇಟಿನ ಡಬ್ಬಿ ಹಿಡಿದು ಬಂದು, ಕೂರಲು ಒಪ್ಪದೆ, ಬಾಗಿಲಿಗೊರಗಿ ನಿಂತಳು. ಅಮ್ಮ ಸರಿಯಾಗಿ ತಿನ್ನುತ್ತಿಲ್ಲ, ನಿದ್ದೆ ಇಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ನೀರಿಗೆ ಹೋಯಿತು, ತಮ್ಮ ಇನ್ನೂ ನೀರಲ್ಲೇ ನಿಂತಿದ್ದಾನೆ ಎನ್ನುತ್ತಾಳೆ. ಹಳೆಯದನ್ನು ಹೇಳುವುದಿಲ್ಲ, ಹೊಸದು ಬರುವುದಿಲ್ಲ. ನನ್ನ ಜೊತೆ ಅಡಿಲೇಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಎಂದಳು.

“ಹೋಗೋಕೆ ಮುಂಚೆ ನೀವು ಒಂದು ಮಾತು ಹೇಳಿದರೆ ಸಾಕು. ಹಳೆಯದೇ ಸರಿ, ಅದು ಕೇಳಿಸುತ್ತದೆ ಅಂತ. ನಿಮ್ಮ ಮಾತನ್ನು ಮಾತ್ರ ಅವಳು ನಂಬುತ್ತಾಳೆ. ಸುಳ್ಳಾದರೂ ಪರವಾಗಿಲ್ಲ.”

“ಖಂಡಿತ ಹೇಳ್ತೀನಿ,” ಎಂದಳು ಪ್ರಣತಿ, ಮನಸ್ಸಿಟ್ಟು. ಸುಳ್ಳಲ್ಲ ಅದು ಎಂದು ಸೇರಿಸಬೇಕೆಂದಿದ್ದಳು. ಎದೆ ಹಗುರಾಯಿತು. ಇಷ್ಟು ಸುಲಭವಿತ್ತು. ಐವಿಯ ಕಣ್ಣೂ ಮೆತ್ತಗಾಯಿತು. “ಥ್ಯಾಂಕ್ಸ್. ನೀವು ದೊಡ್ಡ ಭಾಷಾತಜ್ಞೆ ಅಂತ ಅಮ್ಮ ಹೇಳ್ತಾನೇ ಇರ್ತಾಳೆ. ಯಾವ ಯೂನಿವರ್ಸಿಟಿ?”

“ನಾನು… ವ್ಯಾಲಿಯಲ್ಲಿ. ವಿಮೆ ಆಫೀಸು. ಕ್ಲೇಮ್ ನೋಡ್ತೀನಿ.”

“ಓ,” ಎಂದಳು ಐವಿ. ಒಂದು ಕ್ಷಣ ಅಷ್ಟೇ. ಅವಳ ದೃಷ್ಟಿ ಪ್ರಣತಿಯ ಹಣೆಯ ಕುಂಕುಮದಿಂದ ಜಾರಿ, ಮೇಜಿನ ಮೇಲಿದ್ದ ಟೀ ಚಮಚದ ಮೇಲೆ ನಿಂತು, ಮರಳಿ ಬಂತು. “ಓ. ರೈಟ್.” ಚಾಕಲೇಟಿನ ಡಬ್ಬಿ ಕೊಡುವುದು ಮರೆತು ಹೊರಟವಳು, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಅದನ್ನು ಮೆಟ್ಟಿಲ ಮೇಲಿಟ್ಟಳು.

ಹೊರಡುವ ದಿನ ಬೆಳಿಗ್ಗೆ ಶ್ಯೂಯಿಂಗ್ ಒಬ್ಬಳೇ ಬಂದಳು. ರಸ್ತೆಯಲ್ಲಿ ಐವಿಯ ಬಾಡಿಗೆ ಕಾರು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಚಿವೇಯ ಫೋಟೋ ನೆಟ್ಟಗೆ ಕೂತಿತ್ತು, ಅದಕ್ಕೂ ಬೆಲ್ಟ್ ಹಾಕಿದ್ದರು. ಶ್ಯೂಯಿಂಗ್ ಸೊರಗಿದ್ದಳು, ಅಂಗಿಯ ಕೊರಳು ದೊಡ್ಡದಾಗಿ ಕಾಣುತ್ತಿತ್ತು. ತನ್ನ ಜಾಗದಲ್ಲಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿದಳು. ಪ್ರಣತಿ ಹೇಳಬೇಕಾದ ವಾಕ್ಯವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದಳು. ಆಂಟಿ, ಮೊದಲ ದಿನವೇ ನನಗೆ ಗೊತ್ತಾಗಿತ್ತು. ನಿಮ್ಮದು ಕೇಳಿಸುತ್ತದೆ. ರಾತ್ರಿ ಹಾಸಿಗೆಯಲ್ಲಿ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದಳು. ಪ್ರತಿ ಸಲವೂ ಕೊನೆಗೆ ಐವಿಯ ‘ಓ’ ಬಂದು ಕೂರುತ್ತಿತ್ತು. ನಾಳೆಯಿಂದ ಈ ಕುರ್ಚಿ ಖಾಲಿ. ನಾಳೆಯಿಂದ ವ್ಯಾಲಿಯ ರೈಲು, ಒಡೆದ ಗಾಜು. ಬರುವ ಶನಿವಾರ ರಾಜ್ಯೋತ್ಸವ, ಮಧುರಾಳ ಸ್ಲೈಡುಗಳ ಮುಂಚೆ ಎರಡು ನಿಮಿಷದ ಪ್ರಾರ್ಥನೆ.

ಶ್ಯೂಯಿಂಗ್ ಶುರುಮಾಡಿದಳು. ನಿಧಾನವಾಗಿ, ಪ್ರತಿ ಸದ್ದನ್ನೂ ಮುಳ್ಳಿನ ಗಿಡದಿಂದ ಬಿಡಿಸುವವಳಂತೆ. ಅಲ್ಲಿಗೆ ಬಂದಾಗ ಅವಳ ಕೊರಳ ನರ ಉಬ್ಬಿತು, ನಾಲಿಗೆ ಹಿಂದಕ್ಕೆ ಸರಿದು ಹೊರಳಿತು.

‘ಅಮೃತ.’

ಅಡುಗೆಮನೆಯಲ್ಲಿ ಅದು ಅಷ್ಟು ಸ್ಪಷ್ಟವಾಗಿತ್ತು. ಮೈಸೂರಿನ ಯಾವ ಅಜ್ಜಿಯೂ ಅದಕ್ಕಿಂತ ಚೆನ್ನಾಗಿ ಹೇಳಿರಲಾರಳು. ಪ್ರಣತಿಯ ತೋಳಿನ ಮೇಲೆ ಕೂದಲು ಎದ್ದು ನಿಂತವು. ಶ್ಯೂಯಿಂಗಳಿಗೂ ಅದು ತಿಳಿಯಿತು. ಅವಳು ಕಣ್ಣು ಬಿಟ್ಟಳು, ಮುಖವೆಲ್ಲ ಮಗುವಿನದಾಯಿತು, ಬಾಯಿ ಇನ್ನೂ ಆ ಸದ್ದಿನ ಆಕಾರದಲ್ಲೇ ಅರೆತೆರೆದಿತ್ತು.

“ಲಾವ್‌ಶಿ,” ಎಂದಳು. “ಈಗ? ಈಗ ಅವನಿಗೆ ಕೇಳಿಸುತ್ತದಾ?”

ಪ್ರಣತಿ ಚಮಚ ಎತ್ತಿಕೊಂಡು ಮೇಜಿನ ಅಂಚಿಗೆ ಮೆಲ್ಲನೆ ಕುಟ್ಟಿದಳು.

“ಅಲ್ಲ,” ಎಂದಳು. “ಇನ್ನೊಮ್ಮೆ.”

ಹೊರಗೆ ಐವಿ ಹಾರ್ನ್ ಹೊಡೆದಳು. ಮುದುಕಿ ಕಣ್ಣು ಮುಚ್ಚಿ, ಬಾಯಿ ತೆರೆದಳು.